ದ್ವೀಪದ ಏಡಿ, ಗದ್ದೆಯ ನಳ್ಳಿ

ದ್ವೀಪವೆಂದರೇನು ಎಂಬ ಪ್ರಶ್ನೆಗೆ ಪಠ್ಯಪುಸ್ತಕದ ಉತ್ತರ ಒಂದೇ ಸಾಲಿನದು. ಆದರೆ ಕೊಳ್ಳೇಗಾಲದ ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸುವ ಅಗತ್ಯ ನನಗೆಂದೂ ಬೀಳಲಿಲ್ಲ. ಕಾವೇರಿ ಎರಡು ಕವಲಾಗಿ ಒಡೆದು, ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕಿ, ಮತ್ತೆ ಒಂದಾಗುವ ನಡುವಿನ ನೆಲವೇ ನಮ್ಮ ಶಿವನಸಮುದ್ರ. ಸಮುದ್ರವಿಲ್ಲದ ಊರಿನವರಾದರೂ ದ್ವೀಪವನ್ನು ಕಂಡವರು ನಾವು. ಸಮುದ್ರದ ನಡುವಿನ ದ್ವೀಪವನ್ನು ಕಾಣಬೇಕೆಂಬ ಆಸೆ ಮಾತ್ರ ನಿವೃತ್ತಿಯ ತನಕ ಕಾಯಬೇಕಾಯಿತು. ಕಳೆದ ಜನವರಿಯಲ್ಲಿ ನಾವು ಮೂರು ನಿವೃತ್ತ ಶಿಕ್ಷಕ ದಂಪತಿಗಳು ಕೂಡಿ ಅಂಡಮಾನಿಗೆ ಹೋಗಿಬಂದೆವು.

ಸೆಲ್ಯುಲರ್ ಜೈಲಿನ ಏಳು ರೆಕ್ಕೆಗಳಲ್ಲಿ ಉಳಿದಿರುವ ಮೂರನ್ನು ನೋಡಿದೆವು. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರಿನ ಬೀದಿಗಳಲ್ಲಿ ಸುತ್ತಾಡಿದೆವು. ಇವನ್ನೆಲ್ಲ ಬರೆದವರು ಬಹಳ ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಸ್ವರಾಜ್ ದ್ವೀಪದಲ್ಲಿ, ಎಂದರೆ 2018ರವರೆಗೆ ಹ್ಯಾವ್‌ಲಾಕ್ ಎನಿಸಿಕೊಂಡಿದ್ದ ಸ್ಥಳದಲ್ಲಿ, ನಾವು ಮಾಡಿದ ಒಂದು ಊಟದ ವಿಷಯ.

ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ನೆಲೆ ಕಲ್ಪಿಸಿದ ದ್ವೀಪಗಳಲ್ಲಿ ಅದೂ ಒಂದು. ಅಂಥ ಒಂದು ಕುಟುಂಬದವರು ನಡೆಸುವ ಚಿಕ್ಕ ಊಟದ ಮನೆ ನಮ್ಮ ವಸತಿಗೆ ಹತ್ತಿರದಲ್ಲಿತ್ತು. ಬಾಗಿಲಲ್ಲೇ ಮಂಜುಗಡ್ಡೆಯ ಮೇಲೆ ಅಂಗೈಯುದ್ದ ಮೀರಿದ ಸೀಗಡಿಗಳು, ನವಿಲಿನ ಬಣ್ಣ ಹೊತ್ತ ಲಾಬ್‌ಸ್ಟರುಗಳು. ಪಕ್ಕದ ಬುಟ್ಟಿಯಲ್ಲಿ ಹಗ್ಗದಿಂದ ಕಟ್ಟಿಹಾಕಿದ, ಇನ್ನೂ ಜೀವವಿದ್ದ ಏಡಿಗಳು! ನೀರಿನಂಚಿನ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಬೆಳೆಯುವ ಈ ಜಾತಿಯ ಏಡಿ ಎರಡು ಕಿಲೋ ಮೀರುವುದೂ ಉಂಟು. ಒಂದೊಂದು ಮುಂಗಾಲೂ ನನ್ನ ಮುಷ್ಟಿಗಿಂತ ದಪ್ಪ. ನಮ್ಮ ಗದ್ದೆಯ ನಳ್ಳಿಯನ್ನು ಬಲ್ಲ ಕಣ್ಣಿಗೆ ಅದು ರಾಕ್ಷಸನಂತೆ ಕಂಡಿತು.

ನಾವು ಸಹಜವಾಗಿ ಎಲ್ಲಕ್ಕಿಂತ ದೊಡ್ಡದನ್ನು ತೋರಿಸಿದೆವು. ಅಡುಗೆಯಾತ ಅದನ್ನು ಎತ್ತಿ, ಮಗುಚಿ, ಹೊಟ್ಟೆಯ ಭಾಗದ ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದ. ಚಿಪ್ಪು ಸ್ವಲ್ಪ ಬಗ್ಗಿತು. ಬದಲಿಗೆ ಅದಕ್ಕಿಂತ ಚಿಕ್ಕದಾದ, ಒಂದೂಕಾಲು ಕಿಲೋದ ಇನ್ನೊಂದನ್ನು ತೆಗೆದುಕೊಟ್ಟ. ನನ್ನ ಮುರುಕು ಹಿಂದಿಗೆ ಅರ್ಥವಾದದ್ದು ಇಷ್ಟು: ದೊಡ್ಡದು ಈಚೆಗೆ ಚಿಪ್ಪು ಕಳಚಿದೆ, ಒಳಗೆ ಬರಿ ನೀರು.

ಆ ಹೆಬ್ಬೆರಳನ್ನು ನೋಡಿದ ಕೂಡಲೇ ನನಗೆ ಯಳಂದೂರಿನ ನಮ್ಮ ಅಜ್ಜಿಯ ನೆನಪಾಯಿತು. ಮುಂಗಾರು ಹಿಡಿದ ಮೇಲೆ ಸುವರ್ಣಾವತಿಯ ಬಯಲಿನ ಗದ್ದೆಗಳ ಬದುವಿನ ಬಿಲಗಳಿಂದ ನಾವು ಹಿಡಿದು ತಂದ ನಳ್ಳಿಗಳನ್ನು ಅಜ್ಜಿ ಹೀಗೆಯೇ ಒತ್ತಿ ನೋಡುತ್ತಿದ್ದರು. "ಗಾತ್ರ ನೋಡ್ಬ್ಯಾಡ ಮಗಾ, ತೂಕ ನೋಡು" ಎನ್ನುತ್ತಿದ್ದರು. ಏಡಿ ಬೆಳೆಯುವುದು ಚಿಪ್ಪು ಕಳಚಿಯೇ. ಹಳೆಯ ಚಿಪ್ಪಿನಿಂದ ಹೊರಬಂದು, ನೀರು ಹೀರಿ ಮೈಯುಬ್ಬಿಸಿ, ಹೊಸ ಚಿಪ್ಪನ್ನು ದೊಡ್ಡ ಅಳತೆಗೆ ಗಟ್ಟಿಮಾಡಿಕೊಳ್ಳುತ್ತದೆ. ಆ ಮನೆಯೊಳಗೆ ಮಾಂಸ ತುಂಬುವುದಕ್ಕೆ ವಾರಗಳೇ ಬೇಕು. ವಿಜ್ಞಾನದ ಪುಸ್ತಕದಲ್ಲಿ ನಾನು ಇದನ್ನು ಓದಿದ್ದು ಬಹಳ ವರ್ಷಗಳ ನಂತರ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಬಂಗಾಳಿ ಅಡುಗೆಯವನಿಗೂ ಆ ಪಾಠ ಬೆರಳಿನಲ್ಲಿತ್ತು.

ಅರ್ಧ ಗಂಟೆಯ ಮೇಲೆ ಸಾಸಿವೆ ಅರೆದು ಹಾಕಿದ ಏಡಿ ಅಗಲವಾದ ತಟ್ಟೆಯಲ್ಲಿ ಬಂದಿತು. ಅದರ ಬೆಲೆ, ನಾನು ಮೇಷ್ಟ್ರಾಗಿ ಸೇರಿದ ಮೊದಲ ತಿಂಗಳ ಸಂಬಳಕ್ಕಿಂತ ಹೆಚ್ಚು! ಜೊತೆಗೆ ಅಡಿಕೆಕತ್ತರಿಯಂಥದೊಂದು ಸಲಕರಣೆಯನ್ನೂ ಇಟ್ಟರು. ಅದನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಅದುಮಬೇಕು ಎಂದು ತಿಳಿಯದೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಆಗ ಹನೂರು ಸೀಮೆಯ ನನ್ನ ಗೆಳೆಯರು ಅಂಗಿಯ ತೋಳು ಮಡಿಸಿದರು. ಸಲಕರಣೆಯನ್ನು ಪಕ್ಕಕ್ಕೆ ಸರಿಸಿ, ಕೀಲು ಇರುವಲ್ಲಿ ತಿರುವಿ ಮುಂಗಾಲನ್ನು ಬೇರ್ಪಡಿಸಿ, ಲೋಟದ ತಳದಿಂದ ಒಂದೇ ಪೆಟ್ಟು ಕೊಟ್ಟರು. ಬಿಳಿಯ ಮಾಂಸ ಇಡಿಯಾಗಿ ಹೊರಬಂತು. ಒಬ್ಬೊಬ್ಬರ ತಟ್ಟೆಗೂ ಬಿಡಿಸಿ ಬಡಿಸಿದರು. "ಎಲ್ಲಿ ಕಲಿತಿರಿ?" ಎಂದು ಅವರ ಮನೆಯವರೇ ಬೆರಗಾಗಿ ಕೇಳಿದರು.

ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡವೆಂದಿದ್ದಾರೆ.

ಹನೂರಿನ ಕಡೆ ಮಳೆ ಕಡಿಮೆ, ಗದ್ದೆಯೂ ಕಡಿಮೆ. ಆದರೆ ಬೆಟ್ಟದಿಂದಿಳಿಯುವ ಹಳ್ಳಗಳಲ್ಲಿ ಕಲ್ಲು ಎತ್ತಿದರೆ ನಳ್ಳಿ ಸಿಗುತ್ತಿತ್ತು. ಬೆಳೆ ಕೈಕೊಟ್ಟ ವರ್ಷ ಅವರ ಅವ್ವ ಅದರಿಂದಲೇ ಮಕ್ಕಳ ಮುದ್ದೆಗೆ ಸಾರು ಮಾಡುತ್ತಿದ್ದರಂತೆ. ಶಾಲೆಗೆ ಒಯ್ದ ಬುತ್ತಿಯಲ್ಲೂ ಅದೇ. ಒಂದು ದಿನ ಜೊತೆಯ ಹುಡುಗರು ಮೂಗು ಮುಚ್ಚಿಕೊಂಡರು. ಬುತ್ತಿಯನ್ನು ಹೊರಗೆ ಕೂತು ತಿನ್ನುವಂತೆ ಅವರಿಗೆ ಹೇಳಲಾಯಿತು. ಅಂದಿನಿಂದ ಏಳನೆಯ ತರಗತಿ ಮುಗಿಯುವವರೆಗೂ "ನಳ್ಳಿ" ಎಂಬುದೇ ಅವರ ಹೆಸರಾಯಿತು. "ಮದುವೆಯಾದ ಮೇಲೂ ಮನೇಲಿ ಇದನ್ನ ಹೇಳಿರಲಿಲ್ಲ ಮೇಷ್ಟ್ರೇ. ಸಾರಿನ ಆಸೆ ಹೋಗ್ಲಿಲ್ಲ, ಹೆಸರಿನ ಭಯಾನೂ ಹೋಗ್ಲಿಲ್ಲ" ಎಂದರು. ಅವರ ಮನೆಯವರು ಮಾತನಾಡಲಿಲ್ಲ. ತಮ್ಮ ತಟ್ಟೆಯಲ್ಲಿದ್ದ ಒಂದು ತುಂಡನ್ನು ಎತ್ತಿ ಅವರ ತಟ್ಟೆಗೆ ಹಾಕಿದರು.

ಊಟದ ರುಚಿಯ ಬಗ್ಗೆ ಹೇಳಬೇಕಲ್ಲವೆ? ಚೆನ್ನಾಗಿತ್ತು. ಮಾಂಸ ಸಿಹಿ, ಸಾಸಿವೆಯ ಘಾಟು ಹಿತ. ಆದರೂ ನಮ್ಮ ನಳ್ಳಿ ಸಾರಿನಲ್ಲಿ ಮಾಂಸಕ್ಕಿಂತ ರಸವೇ ಮುಖ್ಯ. ಸಣ್ಣ ಕಾಲುಗಳನ್ನು ಒರಳಿನಲ್ಲಿ ಕುಟ್ಟಿ, ಹಿಂಡಿ, ಸೋಸಿ, ಆ ರಸವನ್ನು ಹುರಿದ ಕೊತ್ತಂಬರಿ, ಮೆಣಸು, ಬೆಳ್ಳುಳ್ಳಿಯ ಖಾರಕ್ಕೆ ಸೇರಿಸಿ ಕುದಿಸಬೇಕು. ಮಳೆಗಾಲದ ನೆಗಡಿಗೆ ಅದಕ್ಕಿಂತ ಮದ್ದಿಲ್ಲವೆಂದು ಅಜ್ಜಿಯ ನಂಬಿಕೆ. ನಮ್ಮ ಅಕ್ಕಂದಿರಿಗೆ ಆ ಒರಳಿನ ಸದ್ದು ನೆನಪಿರಬಹುದು. ಚಿಕ್ಕದರಿಂದ ಹನಿಹನಿಯನ್ನೂ ಪಡೆಯುವ ಆ ವಿದ್ಯೆ ಬಡತನ ಕಲಿಸಿದ್ದು. ದೊಡ್ಡ ಏಡಿಗೆ ಅದರ ಅಗತ್ಯವಿಲ್ಲ.

ಹೊಟ್ಟೆಯಡಿ ಮೊಟ್ಟೆ ಹೊತ್ತ ನಳ್ಳಿ ಸಿಕ್ಕರೆ ಅಜ್ಜಿ ಮತ್ತೆ ನೀರಿಗೆ ಬಿಡಿಸುತ್ತಿದ್ದರು. ಸಮುದ್ರದಂಚಿನ ಏಡಿ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಸಿಹಿನೀರಿನ ನಮ್ಮ ನಳ್ಳಿಯದು ಎಣಿಸಬಹುದಾದಷ್ಟೇ. ಮೊಟ್ಟೆಯೊಡೆದ ಮರಿಗಳನ್ನೂ ತಾಯಿ ಕೆಲಕಾಲ ತನ್ನ ಹೊಟ್ಟೆಯಡಿಯಲ್ಲೇ ಹೊತ್ತು ತಿರುಗುತ್ತದೆ. ಅಂಡಮಾನ್ ನಿಕೋಬಾರಿನ ಕೆಲವು ದ್ವೀಪಗಳಲ್ಲಿರುವ, ನೆಲದ ಮೇಲೆ ಬಾಳಿ ತೆಂಗಿನಕಾಯಿಯನ್ನೂ ಒಡೆಯಬಲ್ಲ ದೈತ್ಯ ಏಡಿಯನ್ನು ಹಿಡಿಯುವುದನ್ನು 1972ರ ವನ್ಯಜೀವಿ ಕಾಯಿದೆ ನಿಷೇಧಿಸಿದೆ. ನಮ್ಮ ಬದುವಿನ ನಳ್ಳಿಗೆ ಅಂಥ ಕಾವಲಿಲ್ಲ. ಕೀಟನಾಶಕ ಹೊಡೆದ ಗದ್ದೆಯಲ್ಲಿ ಅದರ ಬಿಲಗಳನ್ನು ಕಾಣುವುದೇ ಈಗ ಅಪರೂಪ.

ಬೆಲೆ ಬಂದ ಮಾತ್ರಕ್ಕೆ ಒಂದು ಆಹಾರಕ್ಕೆ ಮರ್ಯಾದೆ ಬರುತ್ತದೆ, ಬಡವರ ಮನೆಯದೆಂಬ ಕಾರಣಕ್ಕೆ ಅದೇ ಆಹಾರಕ್ಕೆ ಅವಮಾನವಾಗುತ್ತದೆ. ಈ ಲೆಕ್ಕ ನನಗೆ ಒಪ್ಪಿಗೆಯಾಗದು. ನನ್ನ ವಿದ್ಯಾರ್ಥಿಗಳಲ್ಲೂ ಬುತ್ತಿಯ ಮುಚ್ಚಳವನ್ನು ಅರ್ಧವೇ ತೆರೆದು ಉಂಡವರಿದ್ದರು. ಇಂದು ನಿಮ್ಮಲ್ಲಿ ಅನೇಕರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ದೊಡ್ಡ ತಟ್ಟೆಗಳ ಮುಂದೆ ಕುಳಿತಿರುತ್ತೀರಿ. ಸಂತೋಷವಾಗಿ ಉಣ್ಣಿ. ಹಾಗೆಯೇ, ನಿಮ್ಮ ಅವ್ವ ಯಾವ ಸಾರು ಕಟ್ಟಿಕೊಡುತ್ತಿದ್ದರು, ಅದನ್ನು ಯಾವ ಹಳ್ಳದಿಂದ, ಯಾವ ಬದುವಿನಿಂದ ತರುತ್ತಿದ್ದರು ಎಂಬುದನ್ನು ನಿಮ್ಮ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಿ.