ಹಾಡುವ ಮರ, ಸುಮ್ಮನಿರುವ ಮರ

ಮರಕ್ಕೂ ದನಿಯಿದೆಯೆಂದರೆ ಪಟ್ಟಣದ ವಾಚಕರು ನಕ್ಕಾರು. ಸಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ಹಾದಿಯಲ್ಲಿರುವ ಕಾನಸೂರಿನ ಕಡೆಯವರು ನಗಲಾರರು. ಹಲಸಿನ ಕೊರಡನ್ನು ಕೊರೆದು ಯಕ್ಷಗಾನದ ಮದ್ದಳೆಯ ಒಡಲನ್ನು ಮಾಡುವ ಸಂಗತಿ ಅವರಿಗೆ ಹೊಸದಲ್ಲ. ಮೃದಂಗಕ್ಕೆ ಹಲಸು, ತಂಜಾವೂರಿನ ವೀಣೆಗೂ ಹಲಸು. ಬೆರಳು ಸೋಕಿದೊಡನೆ ತಾನೂ ದನಿಗೂಡಿಸುವುದೇ ಆ ಮರದ ಹಿರಿಮೆ.

ಹೀಗಿರುವಾಗ ಧ್ವನಿವರ್ಧಕದ ಪೆಟ್ಟಿಗೆಗೂ ಹಲಸೇ ಯೋಗ್ಯವೆಂದು ಅಲ್ಲಿಯ ಮನೆಯೊಂದರಲ್ಲಿ ನಿಶ್ಚಯವಾದುದು ಸಹಜವೇ ಸರಿ. ಆ ಮನೆಯ ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಅವರು ಕಾಲವಾಗಿ ಬಹಳ ವರ್ಷಗಳಾಗಿದ್ದುವು. ಅವರ ಮಾತು ಉಳಿದಿದ್ದುದು ಒಂದೇ ಕ್ಯಾಸೆಟ್ಟಿನಲ್ಲಿ. ಬೆಂಗಳೂರಿನಲ್ಲಿರುವ ಮೊಮ್ಮಗ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಬಂದಿದ್ದ. ಅಜ್ಜನೇ ನೆಟ್ಟ ಹಲಸು ಆ ವರ್ಷದ ಗಾಳಿಗೆ ಉರುಳಿಬಿದ್ದಿತ್ತು. ಅಜ್ಜನ ಮರದೊಳಗಿಂದ ಅಜ್ಜನ ಮಾತನ್ನು ಕೇಳಬೇಕೆಂಬುದು ಅಪ್ಪಯ್ಯನ ಆಸೆ.

ಮಗ ಒಪ್ಪಲಿಲ್ಲ. “ಅಪ್ಪಯ್ಯ, ಮದ್ದಳೆ ತನ್ನ ದನಿ ಕೊಡಬೇಕು. ಪೆಟ್ಟಿಗೆ ಇನ್ನೊಬ್ಬರ ದನಿಯನ್ನು ಇದ್ದ ಹಾಗೆಯೇ ಬಿಡಬೇಕು. ಹಲಸು ತನ್ನದನ್ನೂ ಸೇರಿಸಿದರೆ ಅದು ಅಜ್ಜನ ದನಿಯಾಗಿ ಉಳಿಯುವುದಿಲ್ಲ” ಎಂದ.

ಅವನ ಮಾತಿನಲ್ಲಿ ತಥ್ಯವಿತ್ತು. ಧ್ವನಿವರ್ಧಕದ ಪೊರೆ ಅಲುಗಿದಾಗ ಅದರ ಮುಂದೊಂದು, ಹಿಂದೊಂದು ಅಲೆ ಹುಟ್ಟುತ್ತದೆ. ಇವು ಪರಸ್ಪರ ವಿರುದ್ಧವಾದವು. ಎರಡೂ ಬೆರೆತರೆ ಮಂದ್ರಸ್ವರ ಅಳಿಸಿಹೋಗುತ್ತದೆ. ಹಿಂದಿನ ಅಲೆಯನ್ನು ಹಿಡಿದಿಡುವುದೇ ಪೆಟ್ಟಿಗೆಯ ಕೆಲಸ. ಒಳಗೆ ಸಿಕ್ಕಿಬಿದ್ದ ಅಲೆಯ ಒತ್ತಡಕ್ಕೆ ಹಲಗೆಗಳು ಕಂಪಿಸಿದರೆ ಅವೂ ಗುಂಯ್‌ಗುಡತೊಡಗುತ್ತವೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯದ ಬೆನ್ನಿಗೆ ಬರುವ ಮಾತೇ ಅದರ ಜೀವ. ಆ ಮಾತೇ ಮಸುಕಾದರೆ ಉಳಿಯುವುದೇನು?

ಮರದ ಬಾಯಿ ಮುಚ್ಚಿಸುವ ಚಿಂತೆ ದೊಡ್ಡವರನ್ನೂ ಕಾಡಿದೆ. ಇಂಗ್ಲೆಂಡಿನ ವಾರ್ಫ್‌ಡೇಲ್ ಸಂಸ್ಥೆಯ ಗಿಲ್ಬರ್ಟ್ ಬ್ರಿಗ್ಸ್ 1950ರ ದಶಕದಲ್ಲಿ ಎರಡು ಹಲಗೆಗಳ ನಡುವೆ ಮರಳನ್ನೇ ತುಂಬಿಸಿದ. 1970ರ ದಶಕದಲ್ಲಿ ಬಿ.ಬಿ.ಸಿ.ಯ ತಜ್ಞರು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಪೆಟ್ಟಿಗೆಗೆ 12 ಮಿಲಿಮೀಟರ್ ದಪ್ಪದ ಬರ್ಚ್ ಪ್ಲೈವುಡ್ಡನ್ನು ಬಳಸಿ, ಒಳಮೈಗೆ ಕಂಪನವನ್ನು ಹೀರುವ ಹೊದಿಕೆಯನ್ನು ಅಂಟಿಸಿದರು.

ಕಾನಸೂರಿನಲ್ಲಿ ಮಳೆಯ ಲೆಕ್ಕವನ್ನೂ ಇಡಬೇಕು. ಬೇಸಗೆಯಲ್ಲಿ ಸಲೀಸಾಗಿ ಮುಚ್ಚುವ ಬಾಗಿಲು ಆಷಾಢದಲ್ಲಿ ಬಿಗಿದುಕೊಳ್ಳುವುದನ್ನು ಮಲೆನಾಡಿನಲ್ಲಿ ಕಾಣದವರಾರು? ಇಡಿಯ ಹಲಗೆ ನಾರಿನ ಉದ್ದಕ್ಕೆ ಅಷ್ಟಾಗಿ ಹಿಗ್ಗದು. ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗಾಗಿ ಪೆಟ್ಟಿಗೆಯ ಸಂದುಗಳು ಬಿಡುತ್ತವೆ; ಗಾಳಿ ಸೋರುತ್ತದೆ. ತೇಗವೂ ಈ ಗುಣವನ್ನು ಪೂರ್ತಿ ಬಿಟ್ಟುದಲ್ಲ. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಗೆ ನಾರಿನ ದಿಕ್ಕೇ ಇಲ್ಲ. ಅದು ಭಾರವಾದುದು, ಮೈಯೆಲ್ಲ ಸಮನಾದುದು, ಪೆಟ್ಟಿಗೆಗೆ ಒಪ್ಪುವಂಥದು. ಆದರೆ ಅಂಚಿಗೆ ನೀರು ತಾಗಿದರೆ ನೆನೆದ ರೊಟ್ಟಿಯಂತೆ ಉಬ್ಬುತ್ತದೆ. ಪದರ ಪದರಕ್ಕೆ ನಾರನ್ನು ಅಡ್ಡಹಾಯಿಸಿ ಅಂಟಿಸಿದ ಪ್ಲೈವುಡ್ಡಿನಲ್ಲಿ ಒಂದು ಪದರ ಹಿಗ್ಗಹೊರಟರೆ ಮತ್ತೊಂದು ತಡೆಯುತ್ತದೆ. ಐಎಸ್ 710 ಗುರುತಿನ ಪ್ಲೈವುಡ್ಡಾದರೆ ನೀರಿಗೂ ಬೇಗ ಬಗ್ಗದು.

ಕೊನೆಗೆ ತೀರ್ಪು ಕೊಟ್ಟವರು ಆಚಾರರು. ಹಲಸಿನ ಹಳೆಯ ಹಲಗೆಯೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿದರು, ಅದು ಠಣ್ಣೆಂದಿತು. 18 ಮಿಲಿಮೀಟರಿನ ಪ್ಲೈವುಡ್ಡನ್ನು ತಟ್ಟಿದರು. ಅದು ಧಬ್ಬೆಂದು ಸುಮ್ಮನಾಯಿತು. “ಒಡೆಯರೇ, ಹಾಡುವ ಮರವನ್ನು ಪೆಟ್ಟಿಗೆ ಮಾಡಿ ಬಾಯಿ ಕಟ್ಟುವುದು ಬೇಡ” ಎಂದರು.

ಅಪ್ಪಯ್ಯ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಹಲಸಿನ ಕೊರಡು ನೆರಳಿನಲ್ಲಿ ಒಣಗಲಿ, ಆಮೇಲೆ ಮದ್ದಳೆ ಮಾಡುವವರಿಗೆ ಹೋಗಲಿ ಎಂದರು. ಪೆಟ್ಟಿಗೆ ಪ್ಲೈವುಡ್ಡಿನದಾಯಿತು. ಎದುರುಬದುರು ಹಲಗೆಗಳು ಅಲುಗದಂತೆ ಒಳಗೆ ಅಡ್ಡಪಟ್ಟಿ ಕೊಟ್ಟರು, ಸಂದುಗಳಿಗೆಲ್ಲ ಅಂಟು ತುಂಬಿದರು.

ಕ್ಯಾಸೆಟ್ಟಿನ ಮಾತು ಮೊದಲ ಸಲ ಅದರಿಂದ ಹೊರಟ ಸಂಜೆ, ಪದ್ಯ ಮುಗಿದು ಅರ್ಥ ತೊಡಗುವ ಮುನ್ನ ಅಜ್ಜ ಮೆಲ್ಲನೆ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಅದುವರೆಗೆ ಯಾವ ಯಂತ್ರದಲ್ಲಿಯೂ ಅದು ಕೇಳಿರಲಿಲ್ಲ. “ಹೌದು, ಅಪ್ಪಯ್ಯನೇ” ಎಂದರು ಮಗನ ಪಕ್ಕದಲ್ಲಿ ಕುಳಿತಿದ್ದ ಹಿರಿಯರು.