22 ಮೆಟ್ಟಿಲಿನ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮಕ್ಕಳ ಮದುವೆಗಳನ್ನು ಹೇಗೋ ಮುಗಿಸಿದ್ದೆ. ಮನೆಗೆ ಕೈ ಹಾಕಿದಾಗ ನನಗೆ 71 ವರ್ಷ. ಬ್ಯಾಂಕ್ ಗುಮಾಸ್ತಿಕೆಯ ಕೊನೆಯ ವರ್ಷಗಳನ್ನು ಮೂಡಿಗೆರೆಯಲ್ಲಿ ಕಳೆದಿದ್ದೆ. ಆಗ ಕೊಂಡ ಸೈಟು ಊರಂಚಿನ ಇಳಿಜಾರಿನಲ್ಲಿತ್ತು. ಧರೆ ಕಡಿದು, ಕಲ್ಲಿನ ತಡೆಗೋಡೆ ಕಟ್ಟಿಸಿ, ಮೇಲೆ ಮಂಗಳೂರು ಹಂಚಿನ ಮನೆ ಎಬ್ಬಿಸಿದೆವು. ಎದುರಿಗೆ 30 ಅಡಿ ಉದ್ದದ ಜಗಲಿ. ರಸ್ತೆಯಿಂದ ಜಗಲಿಗೆ 22 ಮೆಟ್ಟಿಲು.

ಈ ಊರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಎತ್ತ ನೋಡಿದರೂ ಕಾಫಿ ತೋಟ, ಅದರ ಮೇಲೆ ಸಿಲ್ವರ್ ಓಕ್, ಹಾಲುವಾಣದ ನೆರಳು. ಬೇಸಿಗೆಯ ಮೊದಲ ಮಳೆ ಬಿದ್ದು ವಾರ ಕಳೆದರೆ ಗಿಡಗಳೆಲ್ಲ ಬಿಳಿ ಹೂ ಹೊತ್ತು ನಿಲ್ಲುತ್ತವೆ; ಮಲ್ಲಿಗೆಯಂಥ ಪರಿಮಳ ಕಿಟಕಿಯಿಂದ ಒಳಗೇ ಬರುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ಪಟ್ಟಣ ಬಿಟ್ಟು ಬಂದು ನೆಲೆಸಿದ್ದು ಈ ಸೀಮೆಯಲ್ಲೇ. ಮೊದಲು ‘ಚಿತ್ರಕೂಟ’, ಆಮೇಲೆ ‘ನಿರುತ್ತರ’. 2007ರಲ್ಲಿ ಕೊನೆಯುಸಿರೆಳೆಯುವವರೆಗೂ ಇಲ್ಲಿಯವರಾಗಿಯೇ ಉಳಿದರು. ಹಾಗೆ ಕಾಡು ಸುತ್ತಿದ ಕಾಲುಗಳು ನನ್ನವಲ್ಲ. ನನ್ನದು 35 ವರ್ಷ ಕುರ್ಚಿಯಲ್ಲಿ ಕೂತು ಲೆಡ್ಜರ್ ಬರೆದ ದೇಹ.

ಗೃಹಪ್ರವೇಶವಾಗಿ ವರ್ಷ ಕಳೆಯುವಷ್ಟರಲ್ಲಿ ಅದರ ಫಲ ಗೊತ್ತಾಯಿತು. ಹಾಲು ತರಲು ಇಳಿದವನು ಹತ್ತುವಾಗ 12ನೇ ಮೆಟ್ಟಿಲಿನಲ್ಲಿ ಕೂತುಬಿಡುತ್ತಿದ್ದೆ. ಒಂದು ದಿನ ಪಾಚಿಯ ಮೇಲೆ ಕಾಲು ಜಾರಿತು. ಮೂಳೆಗೆ ಏನೂ ಆಗಲಿಲ್ಲ, ಆದರೆ ಸುದ್ದಿ ಬೆಂಗಳೂರಿಗೆ ಮುಟ್ಟಿತು. ಮಗ ಫೋನು ಮಾಡಿದ: “ಅಪ್ಪಾ, ಮನೆ ಮಾರಿ ಇಲ್ಲಿಗೇ ಬಂದುಬಿಡಿ. ಇಲ್ಲಿ ಲಿಫ್ಟ್ ಇದೆ. ದೀಪಾವಳಿಗೆ ಬಂದಾಗ ಮಾತಾಡೋಣ.”

ರೋಷ ಬಂತು. ಮಾರನೇ ದಿನವೇ ಎದ್ದು ಒಂದು ಗಂಟೆ ಬಿರುಸಾಗಿ ನಡೆದು ಬಂದೆ. ಸಂಜೆಗೆ ಮಂಡಿ ಊದಿ, ನಾಲ್ಕು ದಿನ ಹಾಸಿಗೆ. ನನ್ನಾಕೆ ಎಣ್ಣೆ ತಿಕ್ಕುತ್ತಾ, “ಏನ್ರೀ, 35 ವರ್ಷದ ಬಾಕಿನ ಒಂದೇ ದಿನದಲ್ಲಿ ಕಟ್ಟೋಕೆ ಹೋದ್ರಾ?” ಎಂದಳು. ಬ್ಯಾಂಕಿನವನಿಗೆ ಅದಕ್ಕಿಂತ ಚೆನ್ನಾಗಿ ಬುದ್ಧಿ ಹೇಳುವವರು ಇರಲಿಲ್ಲ.

ಡಾಕ್ಟರು ಹೇಳಿದ್ದೂ ಅದನ್ನೇ. “ದಿನಕ್ಕೆ 10 ನಿಮಿಷದಿಂದ ಶುರು ಮಾಡಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.” ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 65 ದಾಟಿದವರು ಬೀಳದಂತೆ ಸಮತೋಲನದ, ಬಲದ ವ್ಯಾಯಾಮವನ್ನೂ ಮಾಡಬೇಕಂತೆ.

ಅಷ್ಟರಲ್ಲಿ ಆರಿದ್ರಾ ಮಳೆ ಹಿಡಿಯಿತು. ಮಲೆನಾಡಿನ ಮಳೆ ಗೊತ್ತಲ್ಲ. ಬಟ್ಟೆ ಒಣಗುವುದಿಲ್ಲ, ಕರೆಂಟು ನಿಲ್ಲುವುದಿಲ್ಲ, ಹುಲ್ಲಿಗೆ ಕಾಲಿಟ್ಟರೆ ಇಂಬಳ. ಜಗಲಿಯೇ ನನ್ನ ರಸ್ತೆಯಾಯಿತು. ಹೋಗಿ ಬಂದರೆ 60 ಅಡಿ. 25 ಸುತ್ತಿಗೆ 1,500 ಅಡಿ, 10 ನಿಮಿಷ. ವಾರಕ್ಕೆ ಎರಡೇ ನಿಮಿಷ ಏರಿಸುತ್ತಾ ಹೋದೆ, ಆರ್‌ಡಿ ಕಟ್ಟಿದ ಹಾಗೆ. ನಡಿಗೆ ಮುಗಿದ ಮೇಲೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಕೂರುವುದು. ಆಮೇಲೆ ಜಗಲಿಯ ಕಂಬ ಹಿಡಿದು ಒಂಟಿ ಕಾಲಿನಲ್ಲಿ ಕೊಕ್ಕರೆಯಂತೆ ನಿಲ್ಲುವುದು. ಹಾಲಿನ ಹುಡುಗ ಮೊದಲ ದಿನ ನಕ್ಕ. ಎರಡನೇ ವಾರ, “ಸಾರ್, ಇವತ್ತೆಷ್ಟು?” ಎಂದು ಕೇಳತೊಡಗಿದ.

ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಕಳೆದವು. ಮಳೆ ಬಿಡುವು ಕೊಡುವ ಹೊತ್ತಿಗೆ 30 ನಿಮಿಷ ಮುಟ್ಟಿದ್ದೆ. ವಾರಕ್ಕೆ ಐದು ದಿನ ನಡೆದರೆ ಆ 150 ಆಯಿತು. ನಡಿಗೆ ರಸ್ತೆಗೆ ಇಳಿಯಿತು, ಅದೂ ಬಿಸಿಲು ಬಂದ ಮೇಲೆ. ನಮ್ಮ ಕಡೆ ಕಾಡಾನೆಗಳ ಕಾಟವಿದೆ. ಮಬ್ಬುಗತ್ತಲಲ್ಲಿ ತೋಟದ ದಾರಿ ಹಿಡಿಯುವುದು ಧೈರ್ಯವಲ್ಲ, ದಡ್ಡತನ. ಇಳಿಜಾರು ಇಳಿಯುವಾಗ ಹೆಜ್ಜೆ ಚಿಕ್ಕದಾಗಿಡಬೇಕು, ಮಂಡಿಗೆ ಭಾರ ಬೀಳುವುದು ಹತ್ತುವಾಗಿಗಿಂತ ಇಳಿಯುವಾಗಲೇ ಹೆಚ್ಚು ಎಂಬುದನ್ನೂ ಆಗಲೇ ಕಲಿತೆ.

ದೀಪಾವಳಿಗೆ ಮಗ, ಸೊಸೆ, ಮೊಮ್ಮಗಳು ಬಂದರು. ಮನೆಯ ಮಾತು ಎತ್ತುವ ಮೊದಲೇ ನಾನು, “ನಾಳೆ ಅಂಗಡಿಗೆ ಹೋಗೋಣ” ಎಂದೆ. “ಯಾವ ಅಂಗಡಿ ಅಜ್ಜ? ಚಾಕೊಲೇಟ್ ಸಿಗುತ್ತಾ?” ಎಂದಳು ಏಳು ವರ್ಷದ ಮೊಮ್ಮಗಳು. ಅಂಗಡಿ ನಮ್ಮ ತಾಲ್ಲೂಕಿನ ಒಂದು ಹಳ್ಳಿ. ಅದರ ಹಳೆಯ ಹೆಸರು ಸೊಸೆವೂರು. ಸಳ ಹುಲಿಯನ್ನು ಹೊಡೆದ ಕಥೆ ನಡೆದದ್ದು ಅಲ್ಲೇ ಎನ್ನುತ್ತಾರೆ. ಬೇಲೂರು, ಹಳೇಬೀಡುಗಳಲ್ಲಿ ಮೆರೆದ ಹೊಯ್ಸಳರ ಮೊದಲ ಮನೆ ಅದು. ವಾಸಂತಿಕಾ ದೇವಿಗೆ ಕೈಮುಗಿದು, ದಿಬ್ಬದ ಮೇಲಿನ ಹಳೆಯ ಬಸದಿಗಳತ್ತ ಮರಗಳ ನಡುವೆ ಹತ್ತಿದೆವು. ಮೊಮ್ಮಗಳು ನನ್ನ ಕೈ ಹಿಡಿದು ಪ್ರಶ್ನೆ ಕೇಳುತ್ತಲೇ ಇದ್ದಳು. ನಾನು ಉತ್ತರ ಹೇಳುತ್ತಲೇ ಹತ್ತಿದೆ. ಮೇಲೆ ಹೋಗಿ ತಿರುಗಿದರೆ ಮಗ ಹಿಂದೆ ಏದುಸಿರು ಬಿಡುತ್ತಿದ್ದ.

ಅವನು ಮನೆ ಮಾರುವ ಮಾತು ಎತ್ತಲಿಲ್ಲ. ಆದರೆ ನಾನು ಗೆದ್ದೆ ಎಂದೂ ಹೇಳಲಾರೆ. ಮಂಡಿ ಈಗಲೂ ಚಳಿಗೆ ಹಿಡಿಯುತ್ತದೆ, ವಯಸ್ಸು ಹಿಂದಕ್ಕೆ ಹೋಗುವುದಿಲ್ಲ. ಹೊರಡುವ ದಿನ ಬೆಳಿಗ್ಗೆ ನೋಡಿದರೆ ಅವನು ಟೇಪು ಹಿಡಿದು ಮೆಟ್ಟಿಲು ಅಳೆಯುತ್ತಿದ್ದ. “ಒಂದೇ ಕಡೆ ಕಂಬಿ ಇದೆ ಅಪ್ಪಾ. ಇನ್ನೊಂದು ಕಡೆಗೂ ಹಾಕಿಸ್ತೀನಿ. ಅಮ್ಮನೂ ಹತ್ತಬೇಕಲ್ಲ.”

ಮೊಮ್ಮಗಳು ಟೇಪಿನ ತುದಿ ಹಿಡಿದು ಎಣಿಸುತ್ತಿದ್ದಳು. ಅವಳ ಲೆಕ್ಕಕ್ಕೆ 23 ಬಂತು. ಜಗಲಿಯನ್ನೂ ಸೇರಿಸಿದ್ದಳು.