ತಲೆಗೊಂದು ದರ, ಗಾಡಿಗೊಂದು ದರ

ಪ್ರಯಾಣದ ಖರ್ಚನ್ನು ದೂರದಿಂದ ಅಳೆಯುವ ರೂಢಿ ಎಲ್ಲೆಡೆ ಇದೆಯಾದರೂ, ಕೈಯಲ್ಲಿ ಕಡಿಮೆ ಹಣವಿಟ್ಟುಕೊಂಡು ಒಬ್ಬರೇ ಹೊರಡುವವರ ಪಾಲಿಗೆ ದೂರಕ್ಕಿಂತ ದೊಡ್ಡ ಪ್ರಶ್ನೆ ಬೇರೆಯಿದೆ: ದಾರಿಯ ಒಂದೊಂದು ಹಂತದಲ್ಲೂ ದರವನ್ನು ಯಾವುದರ ಲೆಕ್ಕದಲ್ಲಿ ಕಟ್ಟುತ್ತಾರೆ ಎಂಬುದೇ ಆ ಪ್ರಶ್ನೆ. ರೈಲು ತಲೆಗಳನ್ನು ಎಣಿಸುತ್ತದೆ, ಟ್ಯಾಕ್ಸಿ ಗಾಡಿಯನ್ನು ಎಣಿಸುತ್ತದೆ, ವಸತಿಗೃಹ ಕೋಣೆಯನ್ನು ಎಣಿಸುತ್ತದೆ. ವಿಮಾನ ಕಂಪನಿಯಂತೂ ಟಿಕೆಟ್ ಕೊಂಡ ದಿನವನ್ನೂ ಉಳಿದ ಆಸನಗಳನ್ನೂ ನೋಡಿ ದರ ಹೇಳುತ್ತದೆ. ಐದಾರು ಮಂದಿ ಜೊತೆಯಾಗಿ ಹೋಗುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಗಾಡಿಯ ಬಾಡಿಗೆ ಅವರ ನಡುವೆ ಹಂಚಿಹೋಗುತ್ತದೆ. ಒಂಟಿ ಪ್ರಯಾಣಿಕನಿಗೆ ಮಾತ್ರ ಅದೇ ಎಲ್ಲವನ್ನೂ ನಿರ್ಧರಿಸುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಿಂದ ರಾಮೇಶ್ವರದ ದ್ವೀಪಕ್ಕೆ ಹೋಗುವ ದಾರಿಯನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ, ಬಡವರ ಏಕಾಂಗಿ ಪ್ರಯಾಣವನ್ನು ಇಂದಿಗೂ ಸಾಧ್ಯವಾಗಿಸಿರುವುದು ಯಾವುದು, ಅದನ್ನು ಕಠಿಣವಾಗಿಸಿರುವುದು ಯಾವುದು ಎಂಬುದು ತಿಳಿಯುತ್ತದೆ.

ಜತ್ತ ಸಮುದ್ರವನ್ನು ಕಾಣದ ಸೀಮೆ. 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿದ್ದ ಈ ನಾಡು ಮಳೆಯ ಕೊರತೆಯಿಂದ ಬಳಲುತ್ತ ಬಂದಿದ್ದು, ಜೋಳದ ಹೊಲ, ದಾಳಿಂಬೆ ಮತ್ತು ದ್ರಾಕ್ಷಿಯ ತೋಟ, ಮಾಡಗ್ಯಾಳದ ಹೆಸರಾಂತ ಕುರಿತಳಿ ಇವುಗಳ ಮೇಲೆ ಬದುಕು ಕಟ್ಟಿಕೊಂಡಿದೆ. ಉಮದಿ, ಸಂಖ, ಗುಡ್ಡಾಪುರದ ಕಡೆಯ ಹಳ್ಳಿಗಳ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಇಲ್ಲಿಯ ಜನರು ಪ್ರಯಾಣವನ್ನು ಬಹುಕಾಲದಿಂದ ಸಮೂಹದ ಕಾರ್ಯವಾಗಿಯೇ ಬಲ್ಲವರು: ಪಂಢರಪುರಕ್ಕೆ ದಿಂಡಿ, ಅಂದರೆ ತಾಳ ವೀಣೆಗಳೊಡನೆ ಸಾಲಾಗಿ ನಡೆಯುವ ಭಕ್ತರ ತಂಡ; ಗುಡ್ಡಾಪುರದ ದಾನಮ್ಮನಲ್ಲಿಗೆ ಪಾದಯಾತ್ರೆ; ಕಾಶಿ ರಾಮೇಶ್ವರಗಳಿಗಾದರೆ ನಾಲ್ಕಾರು ಮನೆಯವರು ಸೇರಿ ಮಾಡಿಕೊಂಡ ಗಾಡಿ. ಒಬ್ಬರೇ ಹೊರಡುವುದೆಂದರೆ ಮನೆಯವರು ಇಂದಿಗೂ ಕಳವಳಪಡುತ್ತಾರೆ, ಹೊರಟವರು ಹೆಂಗಸಾದರೆ ಆ ಕಳವಳ ಇಮ್ಮಡಿಯಾಗುತ್ತದೆ.

ಆದರೂ ಒಂಟಿ ಪ್ರಯಾಣ ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದಳು. ಊರೂರು ತಿರುಗುವ ಜಂಗಮನೂ ಒಂಟಿಯಾಗಿಯೇ ಬರುತ್ತಿದ್ದನು. ಅವರ ಕೈಯಲ್ಲಿ ಹಣವಿರಲಿಲ್ಲ, ಆದರೆ ದಾರಿಯುದ್ದಕ್ಕೂ ದಾಸೋಹವಿತ್ತು. ದಾಸೋಹವೆಂದರೆ ಬಂದವರು ಯಾರೆಂದು ಕೇಳದೆ, ಕೊಡುವವನು ತಾನು ದೊಡ್ಡವನೆಂದು ಎಣಿಸದೆ ಉಣಬಡಿಸುವ ಶರಣರ ಪದ್ಧತಿ. ಜತ್ತ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನು ಕಲ್ಯಾಣದಲ್ಲಿ ಈ ದಾನಗುಣದಿಂದಲೇ ದಾನಮ್ಮನಾದಳೆಂದು ಸಂಪ್ರದಾಯ ಹೇಳುತ್ತದೆ. ಕಡಿಮೆ ಹಣದ ಪ್ರಯಾಣವನ್ನು ಜಿಪುಣತನದ ಚಾತುರ್ಯವೆಂದು ಬಣ್ಣಿಸುವವರು ಈ ಇತಿಹಾಸವನ್ನು ಮರೆಯುತ್ತಾರೆ. ಒಬ್ಬನು ಬರಿಗೈಯಲ್ಲಿ ದೂರ ಹೋಗಬಲ್ಲನೆಂದರೆ ಅದಕ್ಕೆ ಅವನ ಜಾಣ್ಮೆಗಿಂತ ಹೆಚ್ಚಾಗಿ, ದಾರಿಯಲ್ಲಿ ಇತರರು ಕಟ್ಟಿಟ್ಟ ವ್ಯವಸ್ಥೆಯೇ ಕಾರಣ.

ಜತ್ತದಿಂದ ಹೊರಡುವವರಿಗೆ ಮೊದಲು ಎದುರಾಗುವುದು ಗಡಿ. ಹತ್ತಿರದ ದೊಡ್ಡ ರೈಲು ನಿಲ್ದಾಣ ಪೂರ್ವಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರಿನಾಚೆ ಕರ್ನಾಟಕದ ವಿಜಯಪುರದಲ್ಲಿದೆ. ಪಶ್ಚಿಮದ ಮಿರಜ ಅದಕ್ಕಿಂತ ದೂರ. ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ದರ. ಆ ರಿಯಾಯಿತಿ ರಾಜ್ಯದ ಎಲ್ಲೆಯವರೆಗೆ ಮಾತ್ರ. ಅದೇ ವರ್ಷ ಜೂನ್ 11ರಂದು ಕರ್ನಾಟಕದಲ್ಲಿ ಆರಂಭವಾದ ಶಕ್ತಿ ಯೋಜನೆ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಟ್ಟಿತಾದರೂ, ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಹೀಗಾಗಿ ಉಮದಿಯ ಕನ್ನಡದ ಹೆಣ್ಣುಮಗಳೊಬ್ಬಳು ವಿಜಯಪುರದಿಂದ ಬಂದ ಬಸ್ಸು ಹತ್ತಿ, ಕಂಡಕ್ಟರನೊಡನೆ ಅಚ್ಚ ಕನ್ನಡದಲ್ಲಿ ಮಾತನಾಡಿ, ಪಕ್ಕದಲ್ಲಿ ಕುಳಿತ, ಗಡಿಯಾಚೆಯ ಚಡಚಣದ ತನ್ನ ಬೀಗಿತಿಗೆ ಬೇಡವಾದ ಟಿಕೆಟನ್ನು ಪೂರ್ಣ ಹಣ ಕೊಟ್ಟು ಕೊಳ್ಳಬೇಕಾಗುತ್ತದೆ. ಇಲ್ಲಿಯ ಹಳ್ಳಿಗಳ ನೀರಿನ ಬವಣೆಯೂ ಕರ್ನಾಟಕಕ್ಕೆ ಸೇರುವ ಮಾತೂ 2022ರ ಕೊನೆಗೆ ಎರಡು ರಾಜ್ಯಗಳ ಮುಖಂಡರ ಬಾಯಲ್ಲಿ ದೊಡ್ಡ ಸುದ್ದಿಯಾದವು. ಬಸ್ಸಿನ ಟಿಕೆಟಿನ ಈ ಸಣ್ಣ ಅನ್ಯಾಯ ಸುದ್ದಿಯಾಗಲಿಲ್ಲ. ಗಡಿಯ ತಾಲೂಕುಗಳ ಹೆಂಗಸರಿಗೆ ಎರಡೂ ಕಡೆಯ ರಿಯಾಯಿತಿ ಸಿಗುವಂತೆ ಎರಡು ಸರ್ಕಾರಗಳು ಒಂದು ಒಪ್ಪಂದ ಮಾಡಿಕೊಂಡರೆ ಯಾರ ಬೊಕ್ಕಸವೂ ಬರಿದಾಗದು.

ಬಸ್ಸು ತಪ್ಪಿದರೆ ವಡಾಪ್ ಇದೆ. ಸಾಂಗ್ಲಿ, ಸೊಲ್ಲಾಪುರದ ಸೀಮೆಯಲ್ಲಿ, ಜನ ತುಂಬಿದ ಮೇಲೆ ಹೊರಡುವ ಜೀಪು ಕ್ರೂಸರುಗಳಿಗೆ ಇರುವ ಹೆಸರಿದು. ನಗರದವರು ಇದನ್ನು ಹಿಂದುಳಿದ ಸಾರಿಗೆಯೆಂದು ಕೀಳಾಗಿ ಕಾಣುವರಾದರೂ, ಬಾಡಿಗೆಯ ಗಾಡಿಯನ್ನು ತಲೆಯ ದರಕ್ಕೆ ಇಳಿಸಿದ ಏರ್ಪಾಡು ಇದು. ಒಂಟಿ ಬಡವನಿಗೆ ಟ್ಯಾಕ್ಸಿಯೆಂಬುದು ಕೈಗೆಟುಕುವುದು ಈ ರೂಪದಲ್ಲಿಯೇ.

ಜತ್ತದ ಹೆಸರು ಹೊತ್ತ ರೈಲು ನಿಲ್ದಾಣ ಇಲ್ಲವೆಂದಲ್ಲ. ಮಿರಜ–ಪಂಢರಪುರ ಮಾರ್ಗದಲ್ಲಿ ಜತ್ ರೋಡ್ ಎಂಬ ನಿಲ್ದಾಣವಿದೆ, ಆದರೆ ಅದು ಪಟ್ಟಣದಿಂದ ಬಹಳ ದೂರ. ಬಾರ್ಸಿ ಲೈಟ್ ರೈಲ್ವೆಯೆಂಬ ಕಂಪನಿ 762 ಮಿಲಿಮೀಟರ್ ಅಗಲದ ಕಿರುಹಳಿಯನ್ನು 1927ರಲ್ಲಿ ಮಿರಜದವರೆಗೆ ತಂದಾಗ ಜತ್ತ ಪಟ್ಟಣ ಬದಿಗೆ ಉಳಿಯಿತು. ಹಳಿ ಅಗಲವಾದ ಮೇಲೂ ಅದು ಬದಿಗೇ ಉಳಿದಿದೆ. ಆದ್ದರಿಂದ ದಕ್ಷಿಣಕ್ಕೆ ಹೋಗುವವರು ವಿಜಯಪುರದಲ್ಲಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸನ್ನೋ ಮಿರಜದಲ್ಲಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸನ್ನೋ ಹಿಡಿದು ಬೆಂಗಳೂರಿಗೆ ಬಂದು, ಅಲ್ಲಿಂದ ಮದುರೈಗೆ ಇನ್ನೊಂದು ಗಾಡಿ ಹತ್ತಬೇಕು.

ರೈಲಿನ ದರಪಟ್ಟಿಯಲ್ಲಿ ಬಡ ಪ್ರಯಾಣಿಕನಿಗೆ ಅನುಕೂಲವಾದ ಎರಡು ಗುಣಗಳಿವೆ. ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಕಡಿಮೆಯಾಗುತ್ತ ಹೋಗುತ್ತದೆ. ಹಾಗಾಗಿ ಒಂದೇ ದೂರವನ್ನು ಮೂರು ತುಂಡು ಟಿಕೆಟ್‌ಗಳಲ್ಲಿ ಕೊಂಡರೆ ದುಬಾರಿ, ಒಂದೇ ಟಿಕೆಟ್‌ನಲ್ಲಿ ಕೊಂಡರೆ ಅಗ್ಗ. ಎರಡನೆಯದು ವೃತ್ತಾಕಾರ ಪ್ರಯಾಣದ ಟಿಕೆಟ್, ಅಂದರೆ ಒಂದು ನಿಲ್ದಾಣದಿಂದ ಹೊರಟು, ಬೇರೆ ಬೇರೆ ಊರು ಸುತ್ತಿ, ಅದೇ ನಿಲ್ದಾಣಕ್ಕೆ ಮರಳುವವರಿಗೆ ಕೊಡುವ ಟಿಕೆಟ್. ಒಟ್ಟು ದೂರವನ್ನು ಎರಡಾಗಿ ಭಾಗಿಸಿ, ಎರಡು ಉದ್ದನೆಯ ಪ್ರಯಾಣಗಳೆಂಬಂತೆ ದರ ಕಟ್ಟುವುದರಿಂದ ಇದರಲ್ಲಿ ಗಣನೀಯ ಉಳಿತಾಯವಿದೆ, ದಾರಿಯಲ್ಲಿ ಎಂಟು ಕಡೆಯವರೆಗೆ ಇಳಿದು ತಂಗಬಹುದು. ದೊಡ್ಡ ನಿಲ್ದಾಣದಲ್ಲಿ ಮಾರ್ಗವನ್ನು ಬರೆದುಕೊಟ್ಟು ಅರ್ಜಿ ಹಾಕಬೇಕಾದ ಈ ಸೌಲಭ್ಯವನ್ನು ಹಳ್ಳಿಗಳಲ್ಲಿ ಬಲ್ಲವರು ವಿರಳ. ಇನ್ನೊಂದೆಡೆ, ಅರವತ್ತು ದಾಟಿದ ಗಂಡಸರಿಗೆ ನೂರಕ್ಕೆ 40, ಐವತ್ತೆಂಟು ದಾಟಿದ ಹೆಂಗಸರಿಗೆ ನೂರಕ್ಕೆ 50ರಷ್ಟಿದ್ದ ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂದಕ್ಕೆ ಪಡೆದದ್ದು, ಮಕ್ಕಳನ್ನು ದಡ ಸೇರಿಸಿ ಬದುಕಿನಲ್ಲಿ ಮೊದಲ ಬಾರಿಗೆ ದೂರ ಹೊರಡುವ ವಯಸ್ಸಿನ ಜನರಿಗೆ ಬಿದ್ದ ದೊಡ್ಡ ಪೆಟ್ಟು.

ವಿಮಾನದ ಲೆಕ್ಕ ಬೇರೆ. ಸಣ್ಣ ಊರುಗಳಿಗೆ ವಿಮಾನ ತರಲು 2016ರಲ್ಲಿ ಘೋಷಿಸಿದ ಉಡಾನ್ ಯೋಜನೆಯು ಒಂದು ಗಂಟೆಯ ಹಾರಾಟದ ಕೆಲವು ಆಸನಗಳಿಗೆ 2,500 ರೂಪಾಯಿಯ ಮಿತಿ ಹಾಕಿತು, ಬೆಳಗಾವಿ, ಕೊಲ್ಹಾಪುರ, ಹುಬ್ಬಳ್ಳಿಗಳಿಗೆ ಅದರಿಂದ ಪ್ರಯೋಜನವಾಯಿತು. ಬಹಳ ಮೊದಲೇ ಟಿಕೆಟ್ ಕೊಂಡರೆ ಬೆಂಗಳೂರಿನಿಂದ ಮದುರೈಗೆ ವಿಮಾನದಲ್ಲಿ ಹೋಗುವುದು ಹವಾನಿಯಂತ್ರಿತ ರೈಲಿಗಿಂತ ತೀರ ದುಬಾರಿಯೇನೂ ಆಗದು. ಉಳಿಯುವ ಒಂದು ರಾತ್ರಿ ಕೂಲಿಯ ಒಂದು ದಿನಕ್ಕೆ ಸಮನೆಂದು ಎಣಿಸುವವರಿಗೆ ಅದೇ ಸರಿ. ತೊಡಕಿರುವುದು ಇಳಿದ ಮೇಲೆ. ರಾಮೇಶ್ವರಕ್ಕೆ ಹತ್ತಿರದ ವಿಮಾನ ನಿಲ್ದಾಣವಾದ ಮದುರೈಯಿಂದ ದ್ವೀಪಕ್ಕೆ ಸುಮಾರು 170 ಕಿಲೋಮೀಟರ್. ಟ್ಯಾಕ್ಸಿಯವರು ಹೋಗಿಬರುವ ಎರಡೂ ಕಡೆಯ ದೂರವನ್ನು ಎಣಿಸಿ, ಚಾಲಕನ ಊಟ ವಸತಿಯ ಖರ್ಚಾದ ಬಾಟಾ ಸೇರಿಸಿ ಹೇಳುವ ಮೊತ್ತ ನಾಲ್ವರಿಗೆ ಹಂಚಿದರೆ ಹಗುರ, ಒಬ್ಬರಿಗೆ ವಿಮಾನದ ಟಿಕೆಟನ್ನೂ ಮೀರಬಲ್ಲದು. ವಿಮಾನದಿಂದ ಇಳಿದವರು ಮದುರೈ ಊರೊಳಗೆ ಹೋಗಿ ರಾಮೇಶ್ವರದ ಪ್ಯಾಸೆಂಜರ್ ಗಾಡಿ ಹತ್ತಿದರೆ ಆ ಹೊರೆ ತಪ್ಪುತ್ತದೆ. ಹಣದ ಉಳಿತಾಯಕ್ಕೆ ಮಾತ್ರವಲ್ಲ, ನೋಟಕ್ಕಾಗಿಯೂ ಹಾಗೆ ಮಾಡುವುದೇ ಯೋಗ್ಯ.

ಏಕೆಂದರೆ ಮುಖ್ಯ ಭೂಭಾಗಕ್ಕೂ ರಾಮೇಶ್ವರವಿರುವ ಪಾಂಬನ್ ದ್ವೀಪಕ್ಕೂ ನಡುವಿನ ಕಡಲನ್ನು ರೈಲು ದಾಟುವ ಬಗೆ ಭಾರತದಲ್ಲಿ ಬೇರೆಲ್ಲೂ ಕಾಣಸಿಗದು. 1914ರ ಫೆಬ್ರವರಿ 24ರಂದು ತೆರೆದ ಎರಡು ಕಿಲೋಮೀಟರಿಗೂ ಉದ್ದದ ಪಾಂಬನ್ ಸೇತುವೆಯು ಹಡಗು ಬಂದಾಗ ನಡುವಿನ ಎರಡು ತೋಳುಗಳನ್ನು ಮೇಲೆತ್ತಿ ದಾರಿ ಬಿಡುತ್ತಿತ್ತು. ಆಗ ರಾಮೇಶ್ವರ ದಾರಿಯ ಕೊನೆಯಾಗಿರಲಿಲ್ಲ: ಮದ್ರಾಸಿನಿಂದ ಬಂದ ಬೋಟ್ ಮೇಲ್ ಪ್ರಯಾಣಿಕರು ದ್ವೀಪದ ತುದಿಯ ಧನುಷ್ಕೋಟಿಯಲ್ಲಿ ರೈಲಿಳಿದು ಹಬೆಹಡಗು ಹತ್ತಿ ಸಿಂಹಳದ ತಲೈಮನ್ನಾರಿಗೆ ಹೋಗುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನು ಅಳಿಸಿಹಾಕಿತು, ನೂರಕ್ಕೂ ಹೆಚ್ಚು ಜನರಿದ್ದ ಪ್ಯಾಸೆಂಜರ್ ಗಾಡಿಯೊಂದನ್ನು ಅಲೆಗಳು ನುಂಗಿದವು, ಸೇತುವೆಯ ತೊಲೆಗಳು ಕೊಚ್ಚಿಹೋದವು. ಆಗಿನ್ನೂ ಯುವ ಇಂಜಿನಿಯರಾಗಿದ್ದ ಇ. ಶ್ರೀಧರನ್ ಅದನ್ನು 46 ದಿನಗಳಲ್ಲಿ ಮರಳಿ ನಿಲ್ಲಿಸಿದರು. ಉಪ್ಪುಗಾಳಿಗೆ ಸವೆದ ಆ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ರೈಲು ನಿಂತಿತು. 2025ರ ಏಪ್ರಿಲ್ 6ರ ರಾಮನವಮಿಯಂದು ಉದ್ಘಾಟನೆಯಾದ ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ಭಾಗವೊಂದು ಹಾಗೆಯೇ ನೆಟ್ಟಗೆ ಮೇಲೇರಿ ಹಡಗಿಗೆ ಎಡೆ ಕೊಡುತ್ತದೆ. 1988ರಲ್ಲಿ ಆದ ರಸ್ತೆಯ ಸೇತುವೆ ಎತ್ತರದಲ್ಲಿದ್ದು ಕಡಲನ್ನು ದೂರ ತಳ್ಳುತ್ತದೆ. ರೈಲಿನಲ್ಲಾದರೆ ಕೆರೆಯ ಏರಿಯ ಮೇಲೆ ನಡೆದಂತೆ ಎರಡೂ ಬದಿ ನೀರು ಹತ್ತಿರವೇ ಇರುತ್ತದೆ. ತೊಟ್ಟಿಕ್ಕುವ ನಲ್ಲಿಗೂ ಟ್ಯಾಂಕರಿಗೂ ಕಾದು ಬೆಳೆದ ಜತ್ತದ ಮನುಷ್ಯನಿಗೆ ಅತ್ಯಂತ ಅಗ್ಗದ ಟಿಕೆಟೇ ಈ ನೋಟವನ್ನು ಕೊಡುತ್ತದೆ.

ದ್ವೀಪದೊಳಗೆ ಗಡಿನಾಡಿನವರಿಗೆ ಅನಿರೀಕ್ಷಿತ ನಂಟೊಂದಿದೆ. ರಾಮನಾಥಸ್ವಾಮಿಯ ಗರ್ಭಗುಡಿಯಲ್ಲಿ ಪೂಜಿಸುವ ಅರ್ಚಕರು ಮಹಾರಾಷ್ಟ್ರ ಮೂಲದ ಮನೆತನಗಳವರು, ಅವರಿಗೆ ದೀಕ್ಷೆ ದೊರೆಯುವುದು ಕರ್ನಾಟಕದ ಶೃಂಗೇರಿ ಪೀಠದಿಂದ. ಹೀಗೆ ಜತ್ತದ ಎರಡು ನಾಡುಗಳೂ ತಮಿಳು ದ್ವೀಪದ ಗುಡಿಯಲ್ಲಿ ಒಂದೆಡೆ ಸೇರಿವೆ. ಇಪ್ಪತ್ತೆರಡು ತೀರ್ಥಗಳ ಸ್ನಾನಕ್ಕೂ ಸಾವಿರಕ್ಕೂ ಹೆಚ್ಚು ಕಂಬಗಳ ಪ್ರಾಕಾರ ನೋಡುವುದಕ್ಕೂ ವಾಹನ ಬೇಕಿಲ್ಲ. ಧನುಷ್ಕೋಟಿಯ ಕೊನೆಯಾದ ಅರಿಚಲ್ ಮುನೈವರೆಗೆ 2017ರಲ್ಲಿ ರಸ್ತೆಯಾದ್ದರಿಂದ, ಮರಳಿನ ಮೇಲೆ ಓಡುತ್ತಿದ್ದ ಬಾಡಿಗೆ ಜೀಪಿನ ಅಗತ್ಯವೂ ಈಗ ತಪ್ಪಿದೆ; ಬಸ್ಸು ಸಿಗದವರು ನಿಲ್ದಾಣದಲ್ಲೇ ಇನ್ನಿಬ್ಬರು ಯಾತ್ರಿಕರನ್ನು ಜೊತೆ ಮಾಡಿಕೊಂಡು ಆಟೋ ಹಿಡಿದರೆ ವಡಾಪಿನ ನ್ಯಾಯ ಅಲ್ಲೂ ನಡೆಯುತ್ತದೆ.

ಉಳಿಯುವ ಕಷ್ಟ ಕೋಣೆಯದು. ಒಬ್ಬರಿಗೂ ಇಬ್ಬರ ಬಾಡಿಗೆ ಕೇಳುವ ಲಾಡ್ಜುಗಳು, ಒಂಟಿ ಹೆಂಗಸೆಂದರೆ ಕೋಣೆಯೇ ಇಲ್ಲವೆನ್ನುವ ಛತ್ರಗಳು ಯಾತ್ರಾಸ್ಥಳಗಳಲ್ಲಿ ಇನ್ನೂ ಇವೆ. ರೈಲು ಟಿಕೆಟಿನ ಮೇಲೆ ತಲೆಗೊಂದು ಹಾಸಿಗೆಯ ದರದಲ್ಲಿ ಸಿಗುವ ನಿಲ್ದಾಣದ ಡಾರ್ಮಿಟರಿಯಂಥ ಸೌಲಭ್ಯವನ್ನು ಹೆಂಗಸರಿಗಾಗಿಯೇ ಎಲ್ಲ ತೀರ್ಥಕ್ಷೇತ್ರಗಳಲ್ಲೂ ಹೆಚ್ಚಿಸುವುದು ಈ ಕಾಲದ ದಾಸೋಹವಾದೀತು. ಹಾಗೆಯೇ, ಹುಬ್ಬಳ್ಳಿಯಿಂದ ಬೆಂಗಳೂರಿನ ಮಾರ್ಗವಾಗಿ ರಾಮೇಶ್ವರದ ಕಡೆಗೆ ವಾರಕ್ಕೊಮ್ಮೆ ಓಡಿಸುತ್ತಿರುವ ಗಾಡಿಯನ್ನು ಗದಗ, ಬಾಗಲಕೋಟೆಗಳ ಮೂಲಕ ವಿಜಯಪುರದವರೆಗೆ ಬೆಳೆಸಿದರೆ ಜತ್ತ, ಇಂಡಿ, ಚಡಚಣ, ಮಂಗಳವೇಢೆಯ ಜನರಿಗೆ ಬೆಂಗಳೂರಿನಲ್ಲಿ ಇಳಿದು ಹತ್ತುವ ಕೆಲಸವೂ ಎರಡನೆಯ ಟಿಕೆಟಿನ ಹೆಚ್ಚುವರಿ ದರವೂ ಉಳಿಯುತ್ತವೆ.